ಬೇಸ್‌ಬಾಲ್ ರೀಪ್ಲೇ: ಬೇಕು ಸರಿ, ಆದರೆ ಎಲ್ಲಿಯವರೆಗೆ?

ಫ್ರೀಮಾಂಟ್_ಶ್ರೀಧರ:

ಇಲ್ಲಿ ಬೇಸ್‌ಬಾಲ್ ನೋಡುವವರು ಕೆಲವರಾದರೂ ಇದ್ದೀರಿ ಅಂತ ಗೊತ್ತು, ಅದಕ್ಕೇ ಈ ವಿಷಯ ಹಾಕುತ್ತಿದ್ದೇನೆ. 2026ರ ಸೀಸನ್‌ನಿಂದ ಅಮೆರಿಕದ ಮೇಜರ್ ಲೀಗ್‌ನಲ್ಲಿ ಬಾಲ್-ಸ್ಟ್ರೈಕ್ ತೀರ್ಪನ್ನೂ (ಪಿಚರ್ ಎಸೆದ ಚೆಂಡು ಬ್ಯಾಟರ್ ಮುಂದಿನ ಕಾಲ್ಪನಿಕ ಚೌಕದೊಳಗೆ ಬಂದರೆ ಸ್ಟ್ರೈಕ್, ಹೊರಗೆ ಹೋದರೆ ಬಾಲ್) ಆಟಗಾರರು ಚಾಲೆಂಜ್ ಮಾಡಬಹುದು ಅಂತ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನ ಆಯಿತು. ಆವತ್ತಿನಿಂದ ಆಫೀಸಲ್ಲಿ, ವಾಟ್ಸಾಪ್‌ನಲ್ಲಿ, ಮಗನ ಸ್ನೇಹಿತರ ಅಪ್ಪಂದಿರ ಜೊತೆ, ಎಲ್ಲಿ ಹೋದರೂ ಇದೇ ಮಾತು. ಒಂದು ಗುಂಪು ಅಂಪೈರೇ ಬೇಡ, ಎಲ್ಲ ಯಂತ್ರಕ್ಕೆ ಕೊಡಿ ಅನ್ನುತ್ತದೆ. ಇನ್ನೊಂದು ಗುಂಪಿಗೆ 2008ಕ್ಕೆ ಮುಂಚೆ ಇದ್ದ ಆಟವೇ ಆಟ.

ನಾನು ಎರಡೂ ಗುಂಪಿನಲ್ಲಿಲ್ಲ. ರೀಪ್ಲೇ ಬೇಕೇ ಬೇಕು, ಆದರೆ ಮೈದಾನದಲ್ಲಿ ಕೂತವರೆಲ್ಲರ ಕಣ್ಣಿಗೆ ಬಿದ್ದ ತಪ್ಪನ್ನು ತಿದ್ದುವುದಕ್ಕೆ ಬೇಕು. ಯಾರ ಕಣ್ಣಿಗೂ ಬೀಳದ್ದನ್ನು ಸ್ಲೋ ಮೋಷನ್‌ನಲ್ಲಿ ಕೆದಕಿ ತೆಗೆಯುವುದಕ್ಕೆ ಬಳಸಿದರೆ ಅದು ಬೇರೆಯೇ ಆಟ ಆಗಿಬಿಡುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 2008ರ ಆಗಸ್ಟ್ ಕೊನೆಯಲ್ಲಿ ರೀಪ್ಲೇ ಬಂದಾಗ ಅದು ಹೋಮ್ ರನ್‌ಗೆ ಮಾತ್ರ. ಚೆಂಡು ಗೋಡೆ ದಾಟಿತಾ, ಫೌಲ್ ಕಂಬದ ಒಳಗೆ ಹೋಯಿತಾ, ಪ್ರೇಕ್ಷಕ ಕೈ ಹಾಕಿದನಾ, ಅಷ್ಟೇ. 2014ರಲ್ಲಿ ಅದನ್ನು ದೊಡ್ಡದು ಮಾಡಿದರು. ಔಟ್, ಸೇಫ್, ಕ್ಯಾಚ್, ಟ್ಯಾಗ್ (ಚೆಂಡು ಹಿಡಿದ ಗ್ಲೌಸ್‌ನಿಂದ ಓಟಗಾರನನ್ನು ಮುಟ್ಟುವುದು) ಇವೆಲ್ಲ ಸೇರಿದವು. ಮ್ಯಾನೇಜರ್ ಚಾಲೆಂಜ್ ಹಾಕಿದರೆ ಮೈದಾನದ ಅಂಪೈರ್ ಹೆಡ್‌ಫೋನ್ ಹಾಕಿಕೊಂಡು ನಿಲ್ಲುತ್ತಾರೆ, ತೀರ್ಮಾನ ನ್ಯೂಯಾರ್ಕ್‌ನ ರೀಪ್ಲೇ ಕೇಂದ್ರದಿಂದ ಬರುತ್ತದೆ. ಮೊದಲ ವರ್ಷವೇ ರಿವ್ಯೂ ಮಾಡಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ ತೀರ್ಪು ತಿರುಗಿದವು. ಅಂದರೆ ಅದಕ್ಕೆ ಮುಂಚೆ ಎಷ್ಟು ತಪ್ಪು ಹಾಗೇ ಉಳಿದಿದ್ದವು ಲೆಕ್ಕ ಹಾಕಿ.

ಅದೇ ವರ್ಷದ ವರ್ಲ್ಡ್ ಸೀರೀಸ್, ಅಂದರೆ ಸೀಸನ್‌ನ ಫೈನಲ್ ಸರಣಿ, ಏಳನೇ ಪಂದ್ಯ, ಕ್ಯಾನ್ಸಸ್ ಸಿಟಿಯಲ್ಲಿ. ಮೂರನೇ ಇನಿಂಗ್ಸ್, 2-2. ಎರಿಕ್ ಹಾಸ್ಮರ್ ಹೊಡೆದ ಚೆಂಡನ್ನು ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಜೋ ಪ್ಯಾನಿಕ್ ನೆಲಕ್ಕೆ ಹಾರಿ ಹಿಡಿದ. ಏಳುವುದಕ್ಕೂ ಟೈಮ್ ಇಲ್ಲ. ಮಲಗಿದಲ್ಲಿಂದಲೇ ಗ್ಲೌಸ್‌ನಿಂದ ಚೆಂಡನ್ನು ಹಾಗೇ ಚಿಮ್ಮಿಸಿದ. ಜೊತೆಗಾರ ಕ್ರಾಫರ್ಡ್ ಅದನ್ನು ಬರಿಗೈಯಲ್ಲಿ ತೆಗೆದುಕೊಂಡು, ಸೆಕೆಂಡ್ ಬೇಸ್‌ನಲ್ಲಿ ಒಬ್ಬನನ್ನು ಔಟ್ ಮಾಡಿ ಫಸ್ಟ್ ಬೇಸ್‌ಗೆ ಎಸೆದ. ಹಾಸ್ಮರ್ ತಲೆ ಮುಂದೆ ಮಾಡಿ ಬೇಸ್‌ಗೆ ಬಿದ್ದ. ಅಂಪೈರ್ ಸೇಫ್ ಅಂದರು. ನಮ್ಮ ಮ್ಯಾನೇಜರ್ ಬ್ರೂಸ್ ಬೋಚಿ ಚಾಲೆಂಜ್ ಹಾಕಿದರು, ಸುಮಾರು ಮೂರು ನಿಮಿಷ ಕಾದೆವು, ಔಟ್ ಅಂತ ಬಂತು. ಚಾಲೆಂಜ್‌ನಿಂದ ವರ್ಲ್ಡ್ ಸೀರೀಸ್‌ನಲ್ಲಿ ತೀರ್ಪು ತಿರುಗಿದ್ದು ಅದೇ ಮೊದಲು. ಪಂದ್ಯ 3-2ಕ್ಕೆ ನಮ್ಮದಾಯಿತು. ರೀಪ್ಲೇ ಇರದಿದ್ದರೆ ಪ್ಯಾನಿಕ್‌ನ ಆ ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟ್) ಇಲ್ಲವೇ ಇಲ್ಲ. ಇಂಥದ್ದಕ್ಕೆ ರೀಪ್ಲೇ ಬೇಡ ಅನ್ನುವವರ ಜೊತೆ ನಾನು ಎಷ್ಟು ಹೊತ್ತು ಬೇಕಾದರೂ ವಾದ ಮಾಡಲು ತಯಾರು.

ಇನ್ನೊಂದು ಕಡೆ ನೋಡಿ. ಸೆಕೆಂಡ್ ಬೇಸ್ ಕದಿಯಲು, ಅಂದರೆ ಹೊಡೆತಕ್ಕೆ ಕಾಯದೆ, ಓಡಿ ಬಂದ ಆಟಗಾರ ಜಾರಿಕೊಂಡು ಬಂದು ಬೇಸ್ ಮುಟ್ಟುತ್ತಾನೆ. ಚೆಂಡು ಬರುವುದಕ್ಕೆ ಮುಂಚೆಯೇ ಮುಟ್ಟಿದ್ದಾನೆ, ಎಲ್ಲರಿಗೂ ಕಂಡಿದೆ. ಆದರೆ ಆ ವೇಗಕ್ಕೆ ಅವನ ಕಾಲು ಬೇಸ್‌ನಿಂದ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ, ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ. ಫೀಲ್ಡರ್ ಗ್ಲೌಸ್ ಅವನ ಮೈಗೆ ಒತ್ತಿಕೊಂಡೇ ಇರುತ್ತಾನೆ. ಆಮೇಲೆ ಚಾಲೆಂಜ್. ಒಂದೊಂದೇ ಚಿತ್ರ ನಿಲ್ಲಿಸಿ ನೋಡಿ ಔಟ್. 2014ಕ್ಕೆ ಮುಂಚೆ ನೂರು ವರ್ಷಕ್ಕೂ ಜಾಸ್ತಿ ಕಾಲ ಇದನ್ನು ಯಾರೂ ಔಟ್ ಅಂತಲೇ ಅಂದುಕೊಂಡಿರಲಿಲ್ಲ. ನನ್ನ ತಕರಾರು ಇದರ ಮೇಲೆ. ನಿಮಗೇನು ಅನ್ನಿಸುತ್ತದೆ ಹೇಳಿ.

ಪದ್ಮನಾಭನಗರ_ಪಚ್ಚಿ:

ಬೇಸ್‌ಬಾಲ್ ನನಗೆ ಅಷ್ಟಕ್ಕಷ್ಟೇ, ಆದರೂ ಓದಿದೆ ಶ್ರೀಧರಣ್ಣ. ಕ್ರಿಕೆಟ್‌ನಲ್ಲಿ ಥರ್ಡ್ ಅಂಪೈರ್ ಬಂದಿದ್ದು 1992ರಲ್ಲಿ ಅಲ್ವಾ? ಡರ್ಬನ್ ಟೆಸ್ಟ್, ಸಚಿನ್ ರನ್ ಔಟ್. ಇವರು ಅಮೆರಿಕದಲ್ಲಿ ಇಷ್ಟೊಂದು ಟೀವಿ, ಕ್ಯಾಮೆರಾ, ದುಡ್ಡು ಎಲ್ಲ ಇಟ್ಟುಕೊಂಡು 2014ರವರೆಗೆ ಏನು ಕಾಯುತ್ತಿದ್ದರು? ನಿಜವಾಗಿ ಅರ್ಥ ಆಗದೆ ಕೇಳುತ್ತಿದ್ದೇನೆ. ರನ್ ಔಟ್‌ಗೂ ಫಸ್ಟ್ ಬೇಸ್ ಔಟ್‌ಗೂ ಏನು ವ್ಯತ್ಯಾಸ, ಎರಡರಲ್ಲೂ ಕಾಲು ಮೊದಲಾ ಚೆಂಡು ಮೊದಲಾ ಅಂತ ನೋಡಬೇಕಷ್ಟೇ.

ಡೆಟ್ರಾಯಿಟ್_ಗೌಡ:

ಪಚ್ಚಿ, ನಿನ್ನ ಪ್ರಶ್ನೆಗೆ ನಮ್ಮ ಊರಲ್ಲೇ ಉತ್ತರ ಇದೆ. ಟೈಗರ್ಸ್ ಅಭಿಮಾನಿಗಳಿಗೆ ಈ ಕಥೆ ಬಾಯಿಪಾಠ.

2010ರ ಜೂನ್ 2, ಕೊಮೆರಿಕಾ ಪಾರ್ಕ್. ನಮ್ಮ ಅರ್ಮಾಂಡೊ ಗಲರಾಗಾ ಪಿಚ್ ಮಾಡುತ್ತಿದ್ದ, ಎದುರಾಳಿ ಕ್ಲೀವ್‌ಲ್ಯಾಂಡ್. ಬಂದ 26 ಬ್ಯಾಟರ್‌ಗಳೂ ಔಟ್. ಒಬ್ಬನೂ ಬೇಸ್ ಮುಟ್ಟಿಲ್ಲ. ಇನ್ನೊಬ್ಬ ಔಟಾದರೆ ಪರ್ಫೆಕ್ಟ್ ಗೇಮ್. ಕ್ರಿಕೆಟ್‌ನವರಿಗೆ ಅರ್ಥ ಆಗಲಿ ಅಂತ ಹೇಳುತ್ತೇನೆ, ನಮ್ಮ ಕುಂಬ್ಳೆ ಕೋಟ್ಲಾದಲ್ಲಿ ಹತ್ತೂ ವಿಕೆಟ್ ತೆಗೆದರಲ್ಲ, ಆ ಮಟ್ಟದ ಅಪರೂಪ. ಮೇಜರ್ ಲೀಗ್‌ನ ಅಷ್ಟು ಉದ್ದದ ಚರಿತ್ರೆಯಲ್ಲಿ ಆವತ್ತಿನವರೆಗೆ ಬರೀ 20 ಆಗಿದ್ದವು.

27ನೇ ಬ್ಯಾಟರ್ ಜೇಸನ್ ಡೊನಾಲ್ಡ್. ನೆಲದ ಮೇಲೆ ಉರುಳುವ ಚೆಂಡು. ಮಿಗೆಲ್ ಕಬ್ರೆರಾ ಬಲಗಡೆ ಹೋಗಿ ಹಿಡಿದು ಫಸ್ಟ್ ಬೇಸ್ ಕಡೆ ಎಸೆದ. ಗಲರಾಗಾನೇ ಓಡಿ ಬಂದು ಬೇಸ್ ಮೇಲೆ ಕಾಲಿಟ್ಟು ಚೆಂಡು ಹಿಡಿದ. ಡೊನಾಲ್ಡ್ ಇನ್ನೂ ಒಂದು ಹೆಜ್ಜೆ ದೂರ. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಚಾಚಿ ಸೇಫ್ ಅಂದುಬಿಟ್ಟರು.

ಗಲರಾಗಾ ಏನು ಮಾಡಿದ ಗೊತ್ತಾ? ನಕ್ಕ. ಕೂಗಾಡಲಿಲ್ಲ, ಸುಮ್ನೆ ವಾಪಸ್ ಹೋಗಿ ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿ ಪಂದ್ಯ ಮುಗಿಸಿದ, 3-0. ಪಂದ್ಯ ಮುಗಿದ ಮೇಲೆ ಜಾಯ್ಸ್ ವಿಡಿಯೋ ನೋಡಿದರು. ಆ ಹುಡುಗನ ಪರ್ಫೆಕ್ಟ್ ಗೇಮ್ ನನ್ನಿಂದ ಹೋಯಿತು ಅಂತ ಪತ್ರಕರ್ತರ ಮುಂದೆ ನೇರವಾಗಿ ಹೇಳಿದರು, ಗಲರಾಗಾನ ಹತ್ತಿರ ಹೋಗಿ ಕ್ಷಮೆ ಕೇಳಿದರು. ಮಾರನೇ ದಿನ ಮಧ್ಯಾಹ್ನ ಮತ್ತೆ ಪಂದ್ಯ, ಜಾಯ್ಸ್ ಹೋಮ್ ಪ್ಲೇಟ್ (ಬ್ಯಾಟರ್ ನಿಲ್ಲುವ ಜಾಗ) ಅಂಪೈರ್. ತಂಡದ ಪಟ್ಟಿ ಕೊಡಲು ಟೈಗರ್ಸ್ ಕಳಿಸಿದ್ದು ಗಲರಾಗಾನನ್ನೇ. ಜಾಯ್ಸ್ ಕಣ್ಣೊರೆಸಿಕೊಳ್ಳುತ್ತಾ ಆ ಚೀಟಿ ತೆಗೆದುಕೊಂಡರು.

ಕಮಿಷನರ್ ಬಡ್ ಸೀಲಿಗ್ ತೀರ್ಪು ಬದಲಿಸಲಿಲ್ಲ. ದಾಖಲೆಯಲ್ಲಿ ಅದು ಇವತ್ತಿಗೂ ಒಂದು ಹಿಟ್ ಕೊಟ್ಟ ಪಂದ್ಯ. ಈಗಿನ ನಿಯಮ ಇದ್ದಿದ್ದರೆ ಒಂದು ನಿಮಿಷದ ಕೆಲಸ.

ಇನ್ನೊಂದು ಮಾತು. ಜಾಯ್ಸ್ ಕೆಟ್ಟ ಅಂಪೈರ್ ಅಲ್ಲವೇ ಅಲ್ಲ. ಅದೇ ತಿಂಗಳು ಮೇಜರ್ ಲೀಗ್ ಆಟಗಾರರನ್ನು ಅತ್ಯುತ್ತಮ ಅಂಪೈರ್ ಯಾರು ಅಂತ ಕೇಳಿದಾಗ ಜಾಸ್ತಿ ಜನ ಹೇಳಿದ ಹೆಸರು ಅವರದೇ. ಎಲ್ಲರಿಗಿಂತ ಒಳ್ಳೆಯ ಅಂಪೈರ್‌ಗೇ ಹೀಗಾಗುತ್ತದೆ ಅಂದರೆ ಮನುಷ್ಯನ ಕಣ್ಣಿನ ಮಿತಿ ಅದು. ರೀಪ್ಲೇ ಅಂಪೈರ್‌ಗೆ ಅವಮಾನ ಅನ್ನುವವರು ಒಂದು ಸಲ ಜಾಯ್ಸ್ ಮುಖ ನೆನಪಿಸಿಕೊಳ್ಳಲಿ. ರೀಪ್ಲೇ ಇದ್ದಿದ್ದರೆ ಆ ಮನುಷ್ಯನಿಗೆ ಆ ಸಂಕಟವೇ ಇರುತ್ತಿರಲಿಲ್ಲ. 1985ರ ವರ್ಲ್ಡ್ ಸೀರೀಸ್ ಆರನೇ ಪಂದ್ಯದಲ್ಲಿ ಡಾನ್ ಡೆಂಕಿಂಗರ್ ಅನ್ನುವ ಅಂಪೈರ್ ಫಸ್ಟ್ ಬೇಸ್‌ನಲ್ಲಿ ಇಂಥದ್ದೇ ತಪ್ಪು ಮಾಡಿದರು, ಸೇಂಟ್ ಲೂಯಿಸ್ ಕೊನೇ ಇನಿಂಗ್ಸ್‌ನಲ್ಲಿ 1-0 ಮುಂದಿತ್ತು, ಆಮೇಲೆ ಆ ಪಂದ್ಯವನ್ನೂ ಮುಂದಿನದನ್ನೂ ಸೋತು ಸೀರೀಸ್ ಕಳೆದುಕೊಂಡಿತು. ಡೆಂಕಿಂಗರ್‌ಗೆ ಕೊಲೆ ಬೆದರಿಕೆಗಳು ಬಂದವು. ಒಂದು ಕಣ್ತಪ್ಪಿಗೆ ಜೀವನಪೂರ್ತಿ ಆ ಒಂದೇ ತೀರ್ಪಿನಿಂದ ಜನ ಗುರುತಿಸಿದರು.

ಹಳೇ_ಅಂಪೈರ್_ಮೈಸೂರು:

ಗೌಡರೇ, ಚೆನ್ನಾಗಿ ಬರೆದಿದ್ದೀರಿ. ಆದರೂ ನಾನು ಇನ್ನೊಂದು ಪಕ್ಕದಿಂದ ಮಾತಾಡುತ್ತೇನೆ. ನಾನು ಬೇಸ್‌ಬಾಲ್ ಅಂಪೈರ್ ಅಲ್ಲ, ಇಲ್ಲಿ ಡಿವಿಷನ್ ಲೀಗ್ ಕ್ರಿಕೆಟ್‌ಗೆ ನಿಂತವನು. ಮ್ಯಾಟಿಂಗ್ ವಿಕೆಟ್ ಕಾಲದವನು. ಮ್ಯಾಟ್ ಮೇಲೆ ಚೆಂಡು ಎಷ್ಟು ಎದ್ದೇಳುತ್ತದೆ ಅಂತ ಬೆಳಿಗ್ಗೆ ಮೊದಲ ಎರಡು ಓವರ್‌ನಲ್ಲೇ ಕಂಡುಕೊಳ್ಳಬೇಕಿತ್ತು, ಇಲ್ಲವಾದರೆ ಆವತ್ತು ಪೂರ್ತಿ ಎಲ್‌ಬಿಡಬ್ಲ್ಯು ಹಾಳು.

ಅಂಪೈರ್ ಆದವನು ಕಲಿಯುವುದೇ ತೀರ್ಪು ಕೊಟ್ಟು, ಅದರ ಭಾರ ಹೊತ್ತು. ಈಗ ಟೀವಿಯಲ್ಲಿ ನೋಡುತ್ತೇನೆ, ಬ್ಯಾಟ್ಸ್‌ಮನ್ ಒಂದು ಗಜ ಒಳಗಿದ್ದರೂ ಅಂಪೈರ್ ಕೈಯಲ್ಲಿ ಚೌಕ ಬರೆದು ಮೇಲಕ್ಕೆ ಕೊಟ್ಟುಬಿಡುತ್ತಾರೆ. ತಪ್ಪಾದರೆ ಯಾರಾದರೂ ಸರಿ ಮಾಡುತ್ತಾರೆ ಅಂತ ಗೊತ್ತಾದ ಮೇಲೆ ಕಣ್ಣು ಅಷ್ಟು ಚುರುಕಾಗಿ ನೋಡುವುದಿಲ್ಲ. ಇದು ಮನುಷ್ಯ ಸ್ವಭಾವ. ಆಟಗಾರರೂ ಹಾಗೇ. ಮೊದಲೆಲ್ಲ ಬೆರಳು ಎತ್ತಿದರೆ ತಲೆ ಬಗ್ಗಿಸಿ ಹೋಗುತ್ತಿದ್ದರು. ಈಗ ಕ್ಲಬ್ ಪಂದ್ಯದ ಹುಡುಗನೂ ಒಂದು ನಿಮಿಷ ನಿಂತು ನಮ್ಮನ್ನೇ ದುರುಗುಟ್ಟಿ ನೋಡುತ್ತಾನೆ.

ಗಲರಾಗಾ ಕಥೆಯಲ್ಲಿ ನನಗೆ ಕಾಣುವುದು ಬೇರೆ. ತಪ್ಪು ಆಯಿತು, ಒಪ್ಪಿಕೊಂಡರು, ಆ ಹುಡುಗ ಕೈ ಕುಲುಕಿದ. ಇಬ್ಬರೂ ದೊಡ್ಡವರಾದರು. ಅದು ಒಂದು ಪರ್ಫೆಕ್ಟ್ ಗೇಮ್‌ಗಿಂತ ಕಡಿಮೆಯೇ?

ಡೆಟ್ರಾಯಿಟ್_ಗೌಡ:

ರಾಯರೇ, ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಆ ದೊಡ್ಡತನದ ಬೆಲೆ ಕೊಟ್ಟಿದ್ದು ಗಲರಾಗಾ ಒಬ್ಬನೇ. ಅವನು ಮತ್ತೆಂದೂ ಅದರ ಹತ್ತಿರಕ್ಕೂ ಬರಲಿಲ್ಲ. ಒಂದು ಸ್ಪೋರ್ಟ್ಸ್ ಕಾರು ಕೊಟ್ಟರು, ಎಲ್ಲರೂ ಹೊಗಳಿದರು. ದಾಖಲೆ ಪುಸ್ತಕದಲ್ಲಿ ಹೆಸರಿಲ್ಲ.

ಪದ್ಮನಾಭನಗರ_ಪಚ್ಚಿ:

ರಾಯರೇ, 2008ರ ಸಿಡ್ನಿ ಟೆಸ್ಟ್ ಮರೆತುಬಿಟ್ಟಿರಾ? ಸೈಮಂಡ್ಸ್ 30ರಲ್ಲಿದ್ದಾಗ ಬ್ಯಾಟ್‌ಗೆ ತಾಗಿದ ಸದ್ದು ಇಡೀ ಮೈದಾನಕ್ಕೆ ಕೇಳಿಸಿತು, ನಾಟ್ ಔಟ್, ಕೊನೆಗೆ 162 ಹೊಡೆದು ಅಜೇಯನಾಗಿ ಉಳಿದ. ಐದನೇ ದಿನ ನಮ್ಮ ದ್ರಾವಿಡ್‌ಗೆ ಪ್ಯಾಡ್‌ಗೆ ತಾಗಿದ್ದಕ್ಕೆ ಕ್ಯಾಚ್ ಔಟ್. ಕ್ಯಾಪ್ಟನ್ ಕುಂಬ್ಳೆ ಇನ್ನೊಂದು ತುದಿಯಲ್ಲಿ ಔಟಾಗದೆ ನಿಂತೇ ಇದ್ದರು, ಡ್ರಾ ಆಗಲು ಕೆಲವೇ ನಿಮಿಷ ಬಾಕಿ ಇದ್ದಾಗ ಸೋತೆವು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅಂಥ ಟೆಸ್ಟ್ ನೋಡಿದ ಮೇಲೂ ಅಂಪೈರ್ ಮಾತೇ ಕೊನೆ ಅಂತ ನನ್ನ ಕೈಲಿ ಹೇಳಲು ಆಗುವುದಿಲ್ಲ. ಅದೇ ವರ್ಷ ಶ್ರೀಲಂಕಾದಲ್ಲಿ ರಿವ್ಯೂ ಪ್ರಯೋಗ ಮಾಡಿದಾಗ ನಮ್ಮವರ ರಿವ್ಯೂಗಳು ಬಹುತೇಕ ಎಲ್ಲ ವ್ಯರ್ಥ ಆದವು, ಆಮೇಲೆ 2016ರವರೆಗೆ ನಮ್ಮ ಬೋರ್ಡ್ ಬೇಡ ಅಂತಲೇ ಕೂತಿತ್ತು. ಒಪ್ಪಿಕೊಂಡಾಗ ಕೋಚ್ ಆಗಿದ್ದವರೂ ಕುಂಬ್ಳೆಯೇ.

ನಳಿನಾ_ಎಡಿಸನ್:

ನಾನು ಇಲ್ಲಿ ನ್ಯೂಜೆರ್ಸಿಯಲ್ಲಿ ಮಕ್ಕಳ ಲೀಗ್‌ಗೆ ವಾರಾಂತ್ಯ ಅಂಪೈರಿಂಗ್ ಮಾಡುತ್ತೇನೆ. ಮಗಳ ತಂಡಕ್ಕೆ ಅಂಪೈರ್ ಸಿಗದೆ ಶುರುವಾಗಿದ್ದು, ಈಗ ಬಿಡಲು ಮನಸ್ಸಿಲ್ಲ. ಗೌಡ್ರು ಹೇಳಿದ ಫಸ್ಟ್ ಬೇಸ್ ವಿಷಯಕ್ಕೆ ಒಂದು ಸಂಗತಿ ಸೇರಿಸಬೇಕು, ಟೀವಿಯಲ್ಲಿ ನೋಡುವವರಿಗೆ ಇದು ಗೊತ್ತಾಗುವುದಿಲ್ಲ.

ಫಸ್ಟ್ ಬೇಸ್‌ನಲ್ಲಿ ನಿಂತ ಅಂಪೈರ್ ಚೆಂಡನ್ನು ನೋಡುವುದಿಲ್ಲ. ನೋಡಲು ಆಗುವುದೂ ಇಲ್ಲ. ಚೆಂಡು ಮೇಲೆ ಬರುತ್ತದೆ, ಕಾಲು ನೆಲದಲ್ಲಿರುತ್ತದೆ, ಎರಡನ್ನೂ ಒಟ್ಟಿಗೆ ಕಣ್ಣಲ್ಲಿ ಹಿಡಿಯುವುದು ಕಷ್ಟ. ಅದಕ್ಕೆ ನಮಗೆ ಹೇಳಿಕೊಡುವುದು ಹೀಗೆ: ಎಸೆತ ನೇರವಾಗಿದೆ ಅಂತ ಖಾತ್ರಿಯಾದ ಕೂಡಲೇ ಕಣ್ಣು ಬೇಸ್ ಮೇಲೆ, ಕಿವಿ ಗ್ಲೌಸ್ ಮೇಲೆ. ಕಾಲು ಬೇಸ್ ಒತ್ತುವುದನ್ನು ನೋಡು, ಚೆಂಡು ಚರ್ಮಕ್ಕೆ ಬೀಳುವ ಟಪ್ ಅನ್ನುವ ಸದ್ದು ಕೇಳು. ಯಾವುದು ಮೊದಲು ಅಂತ ಅಲ್ಲೇ ಹೇಳು. ಮಕ್ಕಳ ಮೈದಾನದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಪರ್ಫೆಕ್ಟ್ ಗೇಮ್‌ಗೆ ಒಂದೇ ಔಟ್ ಬಾಕಿ ಇರುವಾಗ ಮೈದಾನ ಪೂರ್ತಿ ಎದ್ದು ನಿಂತು ಕೂಗುತ್ತಿರುತ್ತದಲ್ಲ, ಅಲ್ಲಿ ಆ ಟಪ್ ಕೇಳಿಸುವುದಾದರೂ ಹೇಗೆ? ಕೆಲಸದ ಅರ್ಧ ಸಾಧನವೇ ಕೈಕೊಟ್ಟ ಹಾಗೆ. ರಾಯರೇ, ಇದು ಚುರುಕಾಗಿ ನೋಡುವ ಪ್ರಶ್ನೆ ಅಲ್ಲ. ಎಷ್ಟು ಚುರುಕಾಗಿ ನೋಡಿದರೂ ಕಾಣದ ಜಾಗ ಇರುತ್ತದೆ.

ಪ್ಲೇಟ್ ಹಿಂದೆ ನಿಂತಾಗಲೂ ಅಷ್ಟೇ. ಕ್ಯಾಚರ್‌ಗೂ (ಕ್ರಿಕೆಟ್‌ನ ವಿಕೆಟ್ ಕೀಪರ್ ತರಹ) ಬ್ಯಾಟರ್‌ಗೂ ನಡುವಿನ ಸಂದಿಯಲ್ಲಿ ಬಗ್ಗಿ ನಿಂತು ನೋಡುತ್ತೇವೆ. ಸ್ಟ್ರೈಕ್ ಚೌಕದ ಹತ್ತಿರದ ಮೂಲೆ ಚೆನ್ನಾಗಿ ಕಾಣುತ್ತದೆ. ಆಚೆಯ ಕೆಳಗಿನ ಮೂಲೆಗೆ ಕ್ಯಾಚರ್ ದೇಹವೇ ಅಡ್ಡ. ಅಲ್ಲಿಗೆ ಬಂದ ಚೆಂಡಿಗೆ ತೀರ್ಪು ಕೊಡುವಾಗ ಪ್ರತಿ ಅಂಪೈರ್‌ಗೂ ಒಳಗೊಳಗೇ ಅಳುಕು ಇರುತ್ತದೆ, ನನಗಂತೂ ಇದೆ.

ಆದರೆ ರೀಪ್ಲೇಯಿಂದ ಕೆಳಹಂತದಲ್ಲಿ ಏನಾಗಿದೆ ಅನ್ನುವುದನ್ನೂ ಹೇಳಬೇಕು. ಎಂಟು ವರ್ಷದ ಮಗು ಕಿವಿ ಮೇಲೆ ಎರಡೂ ಕೈ ಇಟ್ಟು ಹೆಡ್‌ಫೋನ್ ಸನ್ನೆ ಮಾಡುತ್ತದೆ. ಅದು ಆಟ, ಇರಲಿ. ಅಪ್ಪ ಅಮ್ಮಂದಿರು ಬೇಲಿ ಪಕ್ಕ ಫೋನ್ ಹಿಡಿದು ನಿಂತಿರುತ್ತಾರೆ. ಒಂದು ತೀರ್ಪು ಇಷ್ಟ ಆಗದಿದ್ದರೆ ವಿಡಿಯೋ ಎರಡು ಬೆರಳಲ್ಲಿ ದೊಡ್ಡದು ಮಾಡಿ ನಮ್ಮ ಮುಖದ ಮುಂದೆ ಹಿಡಿಯುತ್ತಾರೆ. ಹೋದ ಬೇಸಿಗೆಯಲ್ಲಿ ಒಬ್ಬರು ಪಂದ್ಯ ಮುಗಿದ ಮೇಲೆ ಪಾರ್ಕಿಂಗ್‌ವರೆಗೂ ಹಿಂದೆ ಬಂದರು. ನಮ್ಮ ಜೊತೆ ಶುರು ಮಾಡಿದ ಹೈಸ್ಕೂಲ್ ಹುಡುಗರು, ಚೆನ್ನಾಗಿ ಅಂಪೈರಿಂಗ್ ಮಾಡುತ್ತಿದ್ದವರು, ಒಬ್ಬೊಬ್ಬರೇ ಬಿಟ್ಟು ಹೋಗುತ್ತಿದ್ದಾರೆ. ರಾಯರು ಹೇಳಿದ ಭಾರ ಹೊರುವ ಮಾತು ನನಗೆ ಇಲ್ಲಿ ಪೂರ್ತಿ ಒಪ್ಪಿಗೆ.

ಹಳೇ_ಅಂಪೈರ್_ಮೈಸೂರು:

ನಳಿನಾ ಅವರೇ, ಆ ಕಿವಿಯ ವಿಷಯ ಓದಿ ಸಂತೋಷವಾಯಿತು. ನಮ್ಮಲ್ಲೂ ಕಾಟ್ ಬಿಹೈಂಡ್‌ಗೆ ಕಿವಿಯೇ ದೊಡ್ಡ ಸಹಾಯ. ಗಾಳಿ ಬೀಸುವ ದಿನ ಬಹಳ ಕಷ್ಟ. ನೀವು ಬಿಡಬೇಡಿ, ನಿಂತಿರಿ. ಮಕ್ಕಳ ಆಟಕ್ಕೆ ನಿಮ್ಮಂಥವರು ಬೇಕು.

ಕುಡ್ಲ_ಕಿಟ್ಟಿ:

ಶ್ರೀಧರಣ್ಣ ಹೇಳಿದ ಸ್ಲೋ ಮೋಷನ್ ತಕರಾರಿಗೆ ಸ್ವಲ್ಪ ಲೆಕ್ಕ ಹಾಕಿ ನೋಡುವ ಮಾರಾಯ್ರೆ. ನನ್ನ ಕೆಲಸವೇ ವಿಡಿಯೋ ಸಾಫ್ಟ್‌ವೇರ್.

ಸಾಮಾನ್ಯ ಟೀವಿ ಪ್ರಸಾರದಲ್ಲಿ ಸೆಕೆಂಡಿಗೆ 60 ಚಿತ್ರ. ಮೇಜರ್ ಲೀಗ್ ಆಟಗಾರನ ಸರಾಸರಿ ಓಟದ ವೇಗ ಸೆಕೆಂಡಿಗೆ 27 ಅಡಿ. ಅಂದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಅವನು 5 ಇಂಚಿಗಿಂತ ಜಾಸ್ತಿ ಮುಂದೆ ಹೋಗಿರುತ್ತಾನೆ. ಗಂಟೆಗೆ 80 ಮೈಲಿ ವೇಗದಲ್ಲಿ ಬರುವ ಎಸೆತ ಅದೇ ಹೊತ್ತಿನಲ್ಲಿ ಸುಮಾರು 2 ಅಡಿ ದಾಟುತ್ತದೆ. ಈಗ ಹೇಳಿ, ಕಾಲು ಬೇಸ್ ಮುಟ್ಟಿದ ಕ್ಷಣವೂ ಚೆಂಡು ಗ್ಲೌಸ್ ಸೇರಿದ ಕ್ಷಣವೂ ಎರಡು ಚಿತ್ರಗಳ ನಡುವೆ ಬಿದ್ದುಹೋದರೆ ಏನು ಮಾಡುತ್ತೀರಿ? ಒಂದರಲ್ಲಿ ಎರಡೂ ಆಗಿಲ್ಲ, ಮುಂದಿನದರಲ್ಲಿ ಎರಡೂ ಆಗಿಬಿಟ್ಟಿದೆ. ಜಾಸ್ತಿ ವೇಗದ ಕ್ಯಾಮೆರಾಗಳೂ ಇವೆ, ಆದರೆ ಎಲ್ಲ ಕೋನದಲ್ಲೂ ಇರುವುದಿಲ್ಲ, ಇದ್ದ ಕೋನದಲ್ಲಿ ಫೀಲ್ಡರ್ ಬೆನ್ನು ಅಡ್ಡ ಬಂದಿರುತ್ತದೆ.

ಅದಕ್ಕೇ ಬೇಸ್‌ಬಾಲ್‌ನಲ್ಲಿ ರಿವ್ಯೂಗೆ ಮೂರು ಉತ್ತರ ಇಟ್ಟಿದ್ದಾರೆ. ತೀರ್ಪು ತಪ್ಪು ಅಂತ ಸ್ಪಷ್ಟವಾಗಿ ಕಂಡರೆ ತಿರುಗುತ್ತದೆ. ಸರಿ ಅಂತ ಸ್ಪಷ್ಟವಾಗಿ ಕಂಡರೆ ಖಚಿತ. ಎರಡೂ ಕಾಣದಿದ್ದರೆ ಮೈದಾನದಲ್ಲಿ ಕೊಟ್ಟ ತೀರ್ಪು ಹಾಗೇ ನಿಲ್ಲುತ್ತದೆ. ರಾಯರ ಭಯಕ್ಕೆ ಇಲ್ಲಿ ಸ್ವಲ್ಪ ಉತ್ತರ ಇದೆ. ಬೇಸ್‌ಬಾಲ್ ಅಂಪೈರ್ ಮೊದಲು ಔಟ್ ಅಥವಾ ಸೇಫ್ ಅಂತ ಹೇಳಲೇಬೇಕು, ಚೌಕ ಬರೆದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಗೊಂದಲ ಇದ್ದರೆ ಅವನ ಮಾತೇ ನಡೆಯುತ್ತದೆ.

2025ರ ನವೆಂಬರ್ 1ರ ಟೊರೊಂಟೊ-ಡಾಜರ್ಸ್ ಪಂದ್ಯ ನೋಡಿದ್ದೀರಲ್ಲ? ವರ್ಲ್ಡ್ ಸೀರೀಸ್ ಏಳನೇ ಪಂದ್ಯ, ಒಂಬತ್ತನೇ ಇನಿಂಗ್ಸ್ ಕೆಳಭಾಗ, 4-4, ಎಲ್ಲ ಬೇಸ್ ಭರ್ತಿ, ಒಬ್ಬ ಔಟ್. ಡಾಜರ್ಸ್‌ನ ಮಿಗೆಲ್ ರೋಹಾಸ್ ಎಡವಿಕೊಂಡೇ ಚೆಂಡು ಹಿಡಿದು ಹೋಮ್‌ಗೆ ಎಸೆದ. ಓಟಗಾರ ಮುಟ್ಟುವ ಮುಂಚೆ ಚೆಂಡು ಹಿಡಿದ ಕ್ಯಾಚರ್ ಕಾಲು ಪ್ಲೇಟ್ ಮೇಲಿದ್ದರೆ ಔಟ್. ಕ್ಯಾಚರ್ ವಿಲ್ ಸ್ಮಿತ್ ಕಾಲು ಪ್ಲೇಟ್‌ನಿಂದ ಒಂದು ಸಲ ಎದ್ದು ಮತ್ತೆ ಕೂತಿತು. ಟೊರೊಂಟೊದ ಕೈನರ್-ಫಲೆಫಾ ಜಾರಿ ಬಂದ. ಔಟ್ ಅಂದರು, ರಿವ್ಯೂನಲ್ಲೂ ಔಟ್. ಕಾಲು ವಾಪಸ್ ಕೂರುವುದು ಕೂದಲಷ್ಟು ತಡ ಆಗಿದ್ದರೆ ಟೊರೊಂಟೊ ಅಲ್ಲೇ ಚಾಂಪಿಯನ್. ಅಂಥ ಹೊತ್ತಲ್ಲಿ ಬರಿಗಣ್ಣನ್ನು ನಂಬಿ ಇಡೀ ಸೀಸನ್ ಮುಗಿಸುವುದಕ್ಕೆ ನನಗೆ ಧೈರ್ಯ ಇಲ್ಲ.

ಫ್ರೀಮಾಂಟ್_ಶ್ರೀಧರ:

ಕಿಟ್ಟಿ, ಆ ಪಂದ್ಯ ಡಾಜರ್ಸ್ ಗೆದ್ದರು, ಜೈಂಟ್ಸ್ ಅಭಿಮಾನಿಯಾಗಿ ನನಗೆ ಕಹಿ. ತೀರ್ಪು ಮಾತ್ರ ಸರಿ. ಆ ಕಾಲನ್ನು ಎಲ್ಲರೂ ನೋಡಿದ್ದರು, ಎಲ್ಲರಿಗೂ ಅನುಮಾನ ಇತ್ತು, ರೀಪ್ಲೇ ಇರುವುದೇ ಅದಕ್ಕೆ.

ನನ್ನ ಮಾತಿಗೆ ಉಲ್ಟಾ ಉದಾಹರಣೆ ಡಾಜರ್ಸ್ ಜೊತೆಯೇ ಇದೆ. 2021, ಪ್ಲೇಆಫ್ ಐದನೇ ಪಂದ್ಯ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಆ ವರ್ಷ ನಾವು 107 ಪಂದ್ಯ ಗೆದ್ದಿದ್ದೆವು. 2-1 ಹಿಂದೆ ಇದ್ದೆವು, ಕೊನೇ ಇನಿಂಗ್ಸ್, ಇಬ್ಬರು ಔಟ್, ಮ್ಯಾಕ್ಸ್ ಶರ್ಜರ್ ಪಿಚಿಂಗ್. ವಿಲ್ಮರ್ ಫ್ಲೋರೆಸ್ ಬ್ಯಾಟ್ ಬೀಸಲು ಹೋಗಿ ತಡೆದುಕೊಂಡ. ಬ್ಯಾಟ್ ಮುಂದೆ ಬರಲಿಲ್ಲ, ನಲವತ್ತು ಸಾವಿರ ಜನಕ್ಕೆ ಕಂಡಿತು. ಫಸ್ಟ್ ಬೇಸ್ ಅಂಪೈರ್ ಬೀಸಿದ ಅಂದರು. ಸ್ಟ್ರೈಕ್ ಮೂರು, ಅಂದರೆ ಔಟ್, ಸೀಸನ್ ಖಲಾಸ್. ಅದನ್ನು ಚಾಲೆಂಜ್ ಮಾಡುವ ಹಾಗೇ ಇರಲಿಲ್ಲ, ಯಾಕೆಂದರೆ ಚೆಕ್ ಸ್ವಿಂಗ್, ಅಂದರೆ ಹೀಗೆ ಅರ್ಧಕ್ಕೆ ತಡೆದ ಬೀಸು, ರೀಪ್ಲೇ ಪಟ್ಟಿಯಲ್ಲೇ ಇಲ್ಲ. ಎಷ್ಟು ಬೀಸಿದರೆ ಬೀಸಿದ ಹಾಗೆ ಅಂತ ನಿಯಮ ಪುಸ್ತಕದಲ್ಲಿ ಒಂದು ಗೆರೆ ಕೂಡ ಎಳೆದಿಲ್ಲ.

ಅಂದರೆ ಈಗ ಪರಿಸ್ಥಿತಿ ಏನು? ಯಾರಿಗೂ ಕಾಣದ ಕಾಲು ಎದ್ದಿದ್ದಕ್ಕೆ ರಿವ್ಯೂ ಇದೆ. ಎಲ್ಲರಿಗೂ ಕಂಡ ಚೆಕ್ ಸ್ವಿಂಗ್‌ಗೆ ಇಲ್ಲ. ಇದು ಪೂರ್ತಿ ತಲೆಕೆಳಗು. ಕೆಳಗಿನ ಲೀಗ್‌ಗಳಲ್ಲಿ ಚೆಕ್ ಸ್ವಿಂಗ್ ಚಾಲೆಂಜ್ ಪ್ರಯೋಗ ನಡೆದಿದೆ, ಅದು ಮೇಲಕ್ಕೂ ಬರಲಿ.

ಸಮಯದ ಬಗ್ಗೆಯೂ ನನಗೆ ಗಟ್ಟಿ ಅಭಿಪ್ರಾಯ ಇದೆ. ಪಿಚ್ ಕ್ಲಾಕ್ ತಂದು 2022ರಲ್ಲಿ 3 ಗಂಟೆ 4 ನಿಮಿಷ ಇದ್ದ ಸರಾಸರಿ ಪಂದ್ಯವನ್ನು ಮರುವರ್ಷವೇ 2 ಗಂಟೆ 40 ನಿಮಿಷಕ್ಕೆ ಇಳಿಸಿದರು. ಖಾಲಿ ಬೇಸ್ ಇದ್ದಾಗ ಪಿಚರ್‌ಗೆ 15 ಸೆಕೆಂಡ್ ಮಾತ್ರ. ಚಾಲೆಂಜ್ ಹಾಕಬೇಕಾ ಬೇಡವಾ ಅಂತ ತೀರ್ಮಾನಿಸಲು ಮ್ಯಾನೇಜರ್‌ಗೂ 15 ಸೆಕೆಂಡ್. ನ್ಯೂಯಾರ್ಕ್‌ನಲ್ಲಿ ಕೂತವರಿಗೆ ಮಾತ್ರ ಎರಡು ನಿಮಿಷ ಅನ್ನುವ ಸಡಿಲ ಗಡುವು, ಅದೂ ದಾಟುತ್ತದೆ. ಒಂದು ನಿಮಿಷ ಕೊಡಿ ಸಾಕು. ಮಾಮೂಲಿ ವೇಗದಲ್ಲಿ ಎರಡು ಮೂರು ಕೋನದಿಂದ ನೋಡಿ. ಅಷ್ಟರಲ್ಲಿ ತಪ್ಪು ಕಾಣದಿದ್ದರೆ ತೀರ್ಪು ನಿಲ್ಲಲಿ, ಆಟ ಮುಂದೆ ಹೋಗಲಿ.

ಡೆಟ್ರಾಯಿಟ್_ಗೌಡ:

ಶ್ರೀಧರ, ಇದನ್ನು ಒಪ್ಪಲ್ಲ. ಬೇಸ್ ಬಿಟ್ಟಿರುವಾಗ ಟ್ಯಾಗ್ ಮಾಡಿದರೆ ಔಟ್ ಅಂತ ನಿಯಮ ಇದೆ. ಒಂದು ಅಡಿ ಬಿಟ್ಟರೂ ಔಟ್, ಅರ್ಧ ಇಂಚು ಬಿಟ್ಟರೂ ಔಟ್. ನಮ್ಮ ಕಣ್ಣಿಗೆ ಕಾಣಲಿಲ್ಲ ಅನ್ನುವ ಕಾರಣಕ್ಕೆ ಆಗಿದ್ದು ಆಗಿಲ್ಲ ಅನ್ನಲು ಆಗುತ್ತದಾ? ನಿನಗೆ ಅದು ಅನ್ಯಾಯ ಅನ್ನಿಸಿದರೆ ನಿಯಮ ಬದಲಿಸು ಅಂತ ಕೇಳು. ಫಸ್ಟ್ ಬೇಸ್ ದಾಟಿ ಓಡಿದರೆ ಔಟಿಲ್ಲ ಅಂತ ಹೇಗೂ ನಿಯಮ ಇದೆ, ಸೆಕೆಂಡ್ ಬೇಸ್‌ಗೂ ಅದೇ ತರಹ ಒಂದು ಸಲ ಸುರಕ್ಷಿತವಾಗಿ ಮುಟ್ಟಿದ ಮೇಲೆ ಜಾರುವ ವೇಗಕ್ಕೆ ಎದ್ದ ಕಾಲು ಲೆಕ್ಕಕ್ಕಿಲ್ಲ ಅಂತ ಬರೆಯಲಿ. ಕ್ಯಾಮೆರಾಗೆ ಕಣ್ಣು ಮುಚ್ಚಿಕೋ ಅನ್ನುವುದು ಸರಿಯಲ್ಲ.

ಫ್ರೀಮಾಂಟ್_ಶ್ರೀಧರ:

ಕೇಳಲು ಸುಲಭ ಗೌಡ್ರೆ, ಬರೆಯಲು ಕಷ್ಟ. ಜಾರಿದ ವೇಗಕ್ಕೆ ಎದ್ದಿದ್ದೋ, ಬೇಸ್ ದಾಟಿ ಹೋಗಿ ವಾಪಸ್ ಬಂದಿದ್ದೋ ಅಂತ ಮತ್ತೆ ಒಬ್ಬ ಅಂಪೈರ್ ತೀರ್ಮಾನ ಮಾಡಬೇಕು, ಅದಕ್ಕೂ ಚಾಲೆಂಜ್ ಬೇಕು ಅನ್ನುತ್ತಾರೆ. ಕ್ರಿಕೆಟ್‌ನಲ್ಲಿ ಬ್ಯಾಟ್ ಒಂದು ಸಲ ಗೆರೆ ಒಳಗೆ ನೆಲ ಮುಟ್ಟಿದ ಮೇಲೆ ಓಡುವ ವೇಗಕ್ಕೆ ಮೇಲೆದ್ದರೂ ಔಟಿಲ್ಲ ಅಂತ ತಂದರು, ಅದು ಒಂದೇ ದಿಕ್ಕಿನ ಓಟ, ಅದಕ್ಕೇ ನಡೆಯಿತು. ಇಲ್ಲಿ ಕಾಲು, ಕೈ, ಹೊಟ್ಟೆ ಎಲ್ಲ ಬರುತ್ತದೆ. ಗಡಿಯಾರ ಇಡುವುದೇ ಸರಳ ದಾರಿ.

ನಳಿನಾ_ಎಡಿಸನ್:

ಇಷ್ಟು ಹೊತ್ತು ಯಾರೂ ಎತ್ತದ ವಿಷಯ ಒಂದಿದೆ. ನಾನು ನ್ಯೂಯಾರ್ಕ್ ಯಾಂಕೀಸ್ ಕಡೆಯವಳು, 2017 ಮರೆಯುವುದಿಲ್ಲ.

ಚಾಲೆಂಜ್ ಹಾಕಬೇಕಾ ಬೇಡವಾ ಅಂತ ನೋಡಲು ಪ್ರತಿ ತಂಡಕ್ಕೂ ಡಗ್‌ಔಟ್ ಹತ್ತಿರ ಒಂದು ವಿಡಿಯೋ ಕೋಣೆ ಕೊಟ್ಟರು. ಹ್ಯೂಸ್ಟನ್ ಆಸ್ಟ್ರೋಸ್‌ನವರು ಆ ಕೋಣೆಯಲ್ಲಿ ಕೂತು ಸೆಂಟರ್ ಫೀಲ್ಡ್ ಕ್ಯಾಮೆರಾದಲ್ಲಿ ಎದುರಾಳಿ ಕ್ಯಾಚರ್ ಯಾವ ಪಿಚ್ ಹಾಕಬೇಕು ಅಂತ ಪಿಚರ್‌ಗೆ ಮಾಡುವ ಬೆರಳಿನ ಸನ್ನೆಗಳನ್ನು ನೋಡಿ ಬಿಡಿಸಿಕೊಂಡರು. ಆಮೇಲೆ ಡಗ್‌ಔಟ್ ಪಕ್ಕದ ದಾರಿಯಲ್ಲೇ ಒಂದು ಟೀವಿ ಇಟ್ಟುಕೊಂಡು, ನಿಧಾನದ ಪಿಚ್ ಬರುವಾಗ ಕಸದ ಡ್ರಮ್ ಬಡಿದು ಬ್ಯಾಟರ್‌ಗೆ ತಿಳಿಸುತ್ತಿದ್ದರು. ಆ ವರ್ಷ ನಮ್ಮನ್ನು ಸೋಲಿಸಿಯೇ ಅವರು ವರ್ಲ್ಡ್ ಸೀರೀಸ್‌ಗೆ ಹೋಗಿ ಗೆದ್ದರು. 2020ರ ಜನವರಿಯಲ್ಲಿ ಕಮಿಷನರ್ ವರದಿ ಬಂತು, 50 ಲಕ್ಷ ಡಾಲರ್ ದಂಡ, ಮ್ಯಾನೇಜರ್‌ಗೂ ಜನರಲ್ ಮ್ಯಾನೇಜರ್‌ಗೂ ಒಂದು ವರ್ಷ ನಿಷೇಧ. ಆಟಗಾರರಿಗೆ ಒಂದು ದಿನದ ಶಿಕ್ಷೆಯೂ ಇಲ್ಲ. 2018ರ ಬಾಸ್ಟನ್ ತಂಡದ ರೀಪ್ಲೇ ಆಪರೇಟರ್‌ಗೂ ಅದೇ ತರಹದ ಕೆಲಸಕ್ಕೆ ಶಿಕ್ಷೆ ಆಯಿತು.

ನ್ಯಾಯ ಕೊಡಲು ಇಟ್ಟ ಟೀವಿಯಿಂದಲೇ ಮೋಸ ಹುಟ್ಟಿತು. ರೀಪ್ಲೇ ತೆಗೆದುಹಾಕಿ ಅಂತ ಇದಕ್ಕೆ ಹೇಳುತ್ತಿಲ್ಲ. ಆ ಕೋಣೆಗೆ ಮೊದಲ ದಿನದಿಂದಲೇ ಲೀಗ್‌ನ ಕಾವಲು ಇರಬೇಕಿತ್ತು. ತಂಡಗಳು ಪ್ರಾಮಾಣಿಕವಾಗಿ ಇರುತ್ತವೆ ಅಂತ ಯಾವ ಧೈರ್ಯದಲ್ಲಿ ನಂಬಿದರೋ ಗೊತ್ತಿಲ್ಲ. ಹೊಸ ಬಾಲ್-ಸ್ಟ್ರೈಕ್ ಪದ್ಧತಿಯಲ್ಲಿ ಡಗ್‌ಔಟ್‌ನಿಂದ ಸಹಾಯ ಇಲ್ಲ, ಮೈದಾನದಲ್ಲಿ ಇದ್ದವನೇ ಆ ಕ್ಷಣವೇ ಹೇಳಬೇಕು ಅಂತ ಮಾಡಿರುವುದು ನನಗೆ ಅದಕ್ಕೇ ತುಂಬಾ ಇಷ್ಟವಾಯಿತು.

ಪದ್ಮನಾಭನಗರ_ಪಚ್ಚಿ:

ಈ ಹೊಸ ಪದ್ಧತಿ ಸ್ವಲ್ಪ ಬಿಡಿಸಿ ಹೇಳಿ. ನಮ್ಮ ಡಿಆರ್‌ಎಸ್ ತರಹವೇನಾ?

ಕುಡ್ಲ_ಕಿಟ್ಟಿ:

ಹತ್ತಿರದ ಸಂಬಂಧಿ. ಎರಡರಲ್ಲೂ ಚೆಂಡು ಹಿಂಬಾಲಿಸುವುದು ಹಾಕ್-ಐ. ಅದು ಮೊದಲು ಟೀವಿಗೆ ಬಂದಿದ್ದೇ ಕ್ರಿಕೆಟ್‌ಗಾಗಿ, 2001ರಲ್ಲಿ ಇಂಗ್ಲೆಂಡ್‌ನಲ್ಲಿ. ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಎಲ್‌ಬಿಡಬ್ಲ್ಯುನಲ್ಲಿ ಚೆಂಡು ಪ್ಯಾಡ್‌ಗೆ ತಾಗಿದ ಮೇಲೆ ಎಲ್ಲಿಗೆ ಹೋಗುತ್ತಿತ್ತು ಅಂತ ಊಹಿಸಬೇಕು, ಅದಕ್ಕೆ ಅಂಪೈರ್ಸ್ ಕಾಲ್ ಅಂತ ಒಂದು ಮೆತ್ತನೆ ಜಾಗ ಇಟ್ಟಿದ್ದಾರೆ. ಬೇಸ್‌ಬಾಲ್‌ನಲ್ಲಿ ಊಹೆ ಇಲ್ಲ, ಚೆಂಡು ಪ್ಲೇಟ್ ಮೇಲಿಂದ ನಿಜವಾಗಿ ಹಾದು ಹೋಗಿರುತ್ತದೆ. ಹಾಗಾಗಿ ಮೆತ್ತನೆ ಜಾಗವೂ ಇಲ್ಲ, ಚೌಕಕ್ಕೆ ಸವರಿದರೂ ಸ್ಟ್ರೈಕ್.

ಚೌಕದ ಅಗಲ ಪ್ಲೇಟ್ ಅಗಲ, 17 ಇಂಚು. ಎತ್ತರ ಬ್ಯಾಟರ್ ಮೇಲೆ ಹೋಗುತ್ತದೆ. ಅವನ ಎತ್ತರದ ಶೇ 53.5 ಮೇಲಿನ ಗೆರೆ, ಶೇ 27 ಕೆಳಗಿನ ಗೆರೆ. ಆರಡಿ ಆಳಿಗೆ ಹೆಚ್ಚುಕಡಿಮೆ ಹತ್ತೊಂಬತ್ತೂವರೆ ಇಂಚಿನಿಂದ ಮೂವತ್ತೆಂಟೂವರೆ ಇಂಚು. ಪ್ರತಿ ತಂಡಕ್ಕೂ ಎರಡು ಚಾಲೆಂಜ್, ಸರಿಯಾದರೆ ಉಳಿಯುತ್ತದೆ. ಪಿಚರ್, ಕ್ಯಾಚರ್, ಬ್ಯಾಟರ್ ಈ ಮೂವರೇ ಕೇಳಬಹುದು, ತಲೆ ಮೇಲೆ ತಟ್ಟಿದರೆ ಆಯಿತು. ಪರದೆ ಮೇಲೆ ಚೆಂಡು ಬರುತ್ತದೆ, ಹತ್ತು ಹದಿನೈದು ಸೆಕೆಂಡಲ್ಲಿ ಮುಗಿಯಿತು. ಕೊರಿಯಾದವರು 2024ರಿಂದ ಪ್ರತಿಯೊಂದು ಪಿಚ್ಚನ್ನೂ ಯಂತ್ರಕ್ಕೇ ಕೊಟ್ಟಿದ್ದಾರೆ, ಅಂಪೈರ್ ಕಿವಿಗೆ ಉತ್ತರ ಬರುತ್ತದೆ, ಅವರು ಕೂಗುತ್ತಾರೆ ಅಷ್ಟೇ. ಅಮೆರಿಕದವರು ಅಷ್ಟು ದೂರ ಹೋಗದೆ ಅಂಪೈರ್‌ನ ಉಳಿಸಿಕೊಂಡದ್ದು ಒಳ್ಳೆಯದಾಯಿತು.

ಫ್ರೀಮಾಂಟ್_ಶ್ರೀಧರ:

ಹದಿನೈದು ಸೆಕೆಂಡಿನ ರಿವ್ಯೂಗೆ ನನ್ನ ಪೂರ್ತಿ ಬೆಂಬಲ. ಕ್ಯಾಚರ್‌ಗಳ ಬಗ್ಗೆ ಮಾತ್ರ ಸ್ವಲ್ಪ ಬೇಜಾರಿದೆ. ಹೊರಗೆ ಬಂದ ಚೆಂಡನ್ನು ಮಣಿಕಟ್ಟು ಅಲುಗದ ಹಾಗೆ ಮೆಲ್ಲಗೆ ಒಳಗೆ ತಂದು ಸ್ಟ್ರೈಕ್ ಮಾಡಿಸಿಕೊಳ್ಳುವುದು ದೊಡ್ಡ ಕಸುಬು, ಹೋಸೆ ಮೊಲಿನಾ ಬ್ಯಾಟಿಂಗ್ ಅಷ್ಟೇನೂ ಇಲ್ಲದೆಯೂ ಅದರಿಂದಲೇ ವರ್ಷಗಟ್ಟಲೆ ಆಡಿದ. ಚಾಲೆಂಜ್ ಬರೀ ಎರಡು ಇರುವುದರಿಂದ ಆ ಕಸುಬು ಪೂರ್ತಿ ಸಾಯುವುದಿಲ್ಲ ಅನ್ನುವುದು ಸಮಾಧಾನ.

ಹಳೇ_ಅಂಪೈರ್_ಮೈಸೂರು:

ತೀರ್ಪು ಕೊಡುವವನು ಮನುಷ್ಯನೇ, ತಪ್ಪಾದರೆ ಆಟಗಾರ ಅಲ್ಲೇ ಮರ್ಯಾದೆಯಿಂದ ಕೇಳುತ್ತಾನೆ, ಕೂಡಲೇ ಮುಗಿಯುತ್ತದೆ. ಇಷ್ಟಾದರೆ ನನಗೂ ಅಡ್ಡಿಯಿಲ್ಲ. ಮೂರು ನಿಮಿಷ ಹೆಡ್‌ಫೋನ್ ಹಾಕಿಕೊಂಡು ನಿಲ್ಲುವುದನ್ನು ಮಾತ್ರ ಈಗಲೂ ಒಪ್ಪುವುದಿಲ್ಲ. ಇದನ್ನು ಎಲ್ಲಿ, ಯಾವಾಗ ನೋಡಬಹುದು?

ನಳಿನಾ_ಎಡಿಸನ್:

ರಾಯರೇ, 2026ರ ಮಾರ್ಚ್ 25ಕ್ಕೆ ಮೊದಲ ಪಂದ್ಯ, ನೆಟ್‌ಫ್ಲಿಕ್ಸ್‌ನಲ್ಲಿ. ನಮ್ಮ ಯಾಂಕೀಸ್, ಶ್ರೀಧರ್ ಅವರ ಜೈಂಟ್ಸ್, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ನಿಮಗೆ 26ರ ಬೆಳಗಿನ ಜಾವ ಆಗುತ್ತದೆ. ಆರನ್ ಜಡ್ಜ್ ಬ್ಯಾಟಿಂಗ್‌ಗೆ ಬಂದಾಗ ಮೊಣಕಾಲಿನ ಹತ್ತಿರ ಬರುವ ಪಿಚ್ ನೋಡುತ್ತಿರಿ. ಆರಡಿ ಏಳಿಂಚಿನ ಆಳು, ಕಿಟ್ಟಿ ಕೊಟ್ಟ ಲೆಕ್ಕದಲ್ಲಿ ಅವನ ಕೆಳಗಿನ ಗೆರೆ 21 ಇಂಚಿಗೂ ಮೇಲೆ. ಇಷ್ಟು ವರ್ಷ ಅದರ ಕೆಳಗೆ ಬಂದದ್ದನ್ನೂ ಸ್ಟ್ರೈಕ್ ಕೊಡುತ್ತಲೇ ಬಂದಿದ್ದಾರೆ. ಈ ಸಲ ಹೆಲ್ಮೆಟ್ ತಟ್ಟುತ್ತಾನಾ ನೋಡೋಣ.